ಹೊಸಮನೆಯಿಂದ ಬಂದ ಕರೆ

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬುವವನಲ್ಲ. ಬೀಗ ರಿಪೇರಿ ಮಾಡುವವನು ಅವನ್ನು ನಂಬಿದರೆ ಹೊಟ್ಟೆಪಾಡು ನಡೆಯುವುದಿಲ್ಲ. ವರ್ಷಗಟ್ಟಲೆ ಮುಚ್ಚಿದ ಮನೆಗಳಿಗೆ ಮೊದಲು ಕಾಲಿಡುವವನು ನಾನೇ. ಒಳಗೆ ಇಲಿ, ಜಿರಲೆ, ಕೊಳೆತ ಹಾಸಿಗೆ ಬಿಟ್ಟರೆ ಇನ್ನೇನನ್ನೂ ಕಂಡವನಲ್ಲ. ಯಾರಾದರೂ ಅಂಥ ಕಥೆ ಶುರು ಮಾಡಿದರೆ, "ನಿಮ್ಮ ದೆವ್ವಕ್ಕೆ ಬೀಗ ತೆಗೆಯೋಕೆ ಬರುತ್ತಾ? ಬರೋದಾದ್ರೆ ಅಂಗಡಿಗೆ ಕಳಿಸಿ, ಕೆಲಸ ಕೊಡ್ತೀನಿ" ಎಂದು ಕಾಲೆಳೆಯುತ್ತಿದ್ದೆ. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ನಗುವುದನ್ನು ಬಿಟ್ಟಿದ್ದೇನೆ. ಯಾಕೆಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಸಂದಿಯಲ್ಲಿ ನನ್ನ ಅಂಗಡಿ. ಭದ್ರಾವತಿಗೂ ಕೆಲಸಕ್ಕೆ ಹೋಗುತ್ತೇನೆ. ಎರಡೂ ಊರಿನ ಕರೆಂಟ್ ಕಂಬ, ಮೀಟರ್ ಪೆಟ್ಟಿಗೆಗಳ ಮೇಲೆ ನನ್ನ ಮೊಬೈಲ್ ನಂಬರಿನ ಸ್ಟಿಕ್ಕರ್ ಅಂಟಿಸಿದ್ದೇನೆ. ಇಲ್ಲೊಂದು ತಮಾಷೆ ಇದೆ. ಶಿವಮೊಗ್ಗದಲ್ಲೂ ಹೊಸಮನೆ ಎಂಬ ಬಡಾವಣೆ ಇದೆ, ಭದ್ರಾವತಿಯಲ್ಲೂ ಇದೆ. ಸುತ್ತಲಿನ ಹಳ್ಳಿಗಳ ಕಥೆ ಕೇಳಲೇಬೇಡಿ. ಬಸ್ ಸ್ಟಾಪಿಗೂ ಹೊಸಮನೆ, ತೋಟಕ್ಕೂ ಹೊಸಮನೆ, ಕೆಲವರ ಅಡ್ಡಹೆಸರೂ ಹೊಸಮನೆ. ಯಾರೂ ಅದರ ಜೊತೆ ಊರಿನ ಹೆಸರು ಸೇರಿಸಿ ಹೇಳುವುದಿಲ್ಲ. ಲೋಕದಲ್ಲಿ ಇರುವುದೊಂದೇ ಹೊಸಮನೆ, ಅದು ತಮ್ಮದು ಎಂಬ ಧಾಟಿ. ಕೇಳಿಸಿಕೊಳ್ಳುವ ನಾವೂ ಹಾಗೆಯೇ. ಶಿವಮೊಗ್ಗದವನಾದ ನನಗೆ ಹೊಸಮನೆ ಎಂದರೆ ಶಿವಮೊಗ್ಗದ್ದೇ.

ಕೆಲವು ವರ್ಷಗಳ ಹಿಂದಿನ ಮಾತು. ಬೇಸಿಗೆಯ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಫೋನ್ ಬಂತು. ಹೆಂಗಸಿನ ದನಿ, ಗಟ್ಟಿಯಾಗಿ ಮಾತಾಡಲು ಹೆದರುತ್ತಿತ್ತು.

"ಅಣ್ಣ, ಬೀಗ ತೆಗೆಯೋರಾ? ಹೊಸಮನೆ ಫಸ್ಟ್ ಕ್ರಾಸು. ಹಾಲಿನ ಬೂತ್ ಪಕ್ಕ ಹಸಿರು ಗೇಟು, ಒಳಗೆ ಪಾರಿಜಾತದ ಮರ ಇದೆ. ನಮ್ಮನೆಯವ್ರು ಹೊರಗಿಂದ ಬೀಗ ಹಾಕ್ಕೊಂಡು ಹೋಗಿದಾರೆ. ಅವ್ರು ಬರೋದ್ರೊಳಗೆ ಬನ್ನಿ ಅಣ್ಣ. ಬಂದ್ರೆ ಇವತ್ತು ನನ್ನ ಉಳಿಸಲ್ಲ."

"ಪೊಲೀಸಿಗೆ ಫೋನ್ ಮಾಡಮ್ಮ" ಎಂದೆ.

"ಪೊಲೀಸ್ ಬಂದು ಹೋದ್ಮೇಲೆ ಅವ್ರ ಜೊತೆ ಮನೇಲಿ ಇರೋಳು ನಾನೇ ಅಲ್ವಾ?" ಎಂದಳು. ಅಷ್ಟರಲ್ಲಿ ಫೋನ್ ಕಟ್ಟಾಯಿತು.

ಅಂಗಡಿ ಎದುರು ಆಟೊ ನಿಲ್ಲಿಸುವ ರಫೀಕ್ ನನ್ನ ಹಳೆಯ ಗೆಳೆಯ. "ಗಂಡ ಹೆಂಡ್ತಿ ಜಗಳ ಮಾರಾಯ, ನಮಗ್ಯಾಕೆ ಅದು?" ಎಂದು ಗೊಣಗಿದ. ಗೊಣಗುತ್ತಲೇ ಗಾಡಿ ಸ್ಟಾರ್ಟ್ ಮಾಡಿದ್ದ. ಹಾಲಿನ ಬೂತ್, ಹಸಿರು ಗೇಟು, ಪಾರಿಜಾತ ಎಲ್ಲವೂ ಅವಳು ಹೇಳಿದ ಹಾಗೆಯೇ ಸಿಕ್ಕವು. ಬಾಗಿಲಿಗೆ ಹೊರಗಿನಿಂದ ದಪ್ಪ ಬೀಗ ನೇತಾಡುತ್ತಿತ್ತು.

ನಮ್ಮ ಕಸುಬಿನಲ್ಲೊಂದು ಕಟ್ಟುಪಾಡು ಇದೆ. ಎಷ್ಟೇ ಅವಸರವಿರಲಿ, ಪಕ್ಕದ ಮನೆಯವರನ್ನು ಕರೆದು ಬಾಗಿಲ ಬಳಿ ನಿಲ್ಲಿಸದೆ ಬೀಗ ಮುಟ್ಟುವಂತಿಲ್ಲ. ಇಲ್ಲದಿದ್ದರೆ ನಾಳೆ ಕಳ್ಳತನ ನಮ್ಮ ತಲೆಗೇ ಬರುತ್ತದೆ. ಪಕ್ಕದ ಮನೆಯ ಗಿರಿಜಮ್ಮನನ್ನು ಕರೆದೆ. "ಯಾರೂ ಇಲ್ವಲ್ಲಪ್ಪ. ಇಬ್ರೂ ಊರಿಗೆ ಹೋಗ್ತಿದೀವಿ ಅಂತ ನಿನ್ನೆ ಅವನೇ ಹೇಳ್ದ" ಎಂದು ಆಕೆ ಅನುಮಾನಿಸಿದರು. ಆದರೂ ಬಂದು ಹೊಸ್ತಿಲ ಬಳಿ ನಿಂತರು. ನಾನು ಬೀಗ ಒಡೆದೆ.

ಒಳಕೋಣೆಯಲ್ಲಿ ಒಬ್ಬ ಹೆಂಗಸನ್ನು ಕಿಟಕಿಯ ಸರಳಿಗೆ ನೈಲಾನ್ ಹಗ್ಗದಿಂದ ಬಿಗಿದಿದ್ದರು. ಬಾಯಿಗೆ ಬಟ್ಟೆ ತುರುಕಿತ್ತು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಸೀರೆಯ ಮೇಲಿನ ರಕ್ತ ಒಣಗಿ ಕಪ್ಪಾಗಿತ್ತು. ಬಲಗೈ ಬೆರಳುಗಳನ್ನು ಕಲ್ಲಿನಿಂದ ಜಜ್ಜಿದ ಹಾಗಿತ್ತು. ರಫೀಕ್ ಕೂತು ಹಗ್ಗ ಕೊಯ್ಯತೊಡಗಿದ.

"ಬಂದ! ಬಂದ!" ಎಂದು ಗಿರಿಜಮ್ಮ ಕಿರುಚಿದ್ದು ಆಗಲೇ. ಗಂಡ ಮಚ್ಚು ಹಿಡಿದು ನುಗ್ಗಿದ್ದ. ಆ ಕೂಗಿಗೆ ರಫೀಕ್ ಹೊರಳದಿದ್ದರೆ ಏಟು ಕುತ್ತಿಗೆಗೇ ಬೀಳುತ್ತಿತ್ತು. ಭುಜಕ್ಕೆ ಬಿತ್ತು, ರಕ್ತ ಗೋಡೆಗೆ ಚಿಮ್ಮಿತು. ಅವನು ಎರಡನೆಯ ಸಲ ಮಚ್ಚು ಎತ್ತುವಾಗ ಕೈಯಲ್ಲಿದ್ದ ಸುತ್ತಿಗೆಯಿಂದ ಅವನ ಮಣಿಕಟ್ಟಿಗೆ ಬಾರಿಸಿದೆ. ಮೂಳೆ ಮುರಿದದ್ದು ಕಿವಿಗೆ ಕೇಳಿಸಿತು. ಮಚ್ಚು ಬಿದ್ದರೂ ಅವನು ನಿಲ್ಲಲಿಲ್ಲ, ನನ್ನ ತೋಳಿಗೆ ಹಲ್ಲು ಊರಿದ. ಮಂಡಿಗೆ ಇನ್ನೊಂದು ಕೊಟ್ಟೆ, ನೆಲಕ್ಕೆ ಬಿದ್ದ. ಬಿದ್ದವನು ಹೆಂಡತಿಯನ್ನು ನೋಡಿ, "ನೀನೇ ಕರೆಸಿದ್ದಾ? ನಿನ್ನ ಬಿಡಲ್ಲ" ಎಂದ. ಆಗ ಮತ್ತೊಂದು ಹೊಡೆದೆ. ಅದು ಬೇಕಿರಲಿಲ್ಲ. ಹೊಡೆದದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ.

ಬೀದಿಯವರು ಸೇರಿದರು. ಅವಳನ್ನು ಬಿಗಿದಿದ್ದ ಹಗ್ಗದಲ್ಲೇ ಅವನನ್ನು ಕಟ್ಟಿಹಾಕಿದರು. ಪೊಲೀಸರು ಬಂದು ಎಳೆದೊಯ್ದರು. ಹೆಂಗಸಿನ ಹೆಸರು ಲತಾ ಎಂದು ತಿಳಿದದ್ದು ಆಸ್ಪತ್ರೆಗೆ ಸೇರಿಸುವಾಗ. ತವರಿಗೆ ಹೋಗುತ್ತೇನೆ ಎಂದಿದ್ದೇ ಅವಳ ತಪ್ಪಂತೆ.

ಸಂಜೆಯಾಗುತ್ತಿತ್ತು. ರಫೀಕನ ಭುಜಕ್ಕೆ ಹೊಲಿಗೆ ಹಾಕುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಿರಿಜಮ್ಮ, "ಅಲ್ಲಪ್ಪ, ನಿನಗೆ ಹೇಳಿದ್ಯಾರು?" ಎಂದು ಕೇಳಿದರು.

"ಅವರೇ ಫೋನ್ ಮಾಡಿದ್ರು."

"ಅವಳ ಫೋನನ್ನ ಅವನು ಒಡೆದು ಹಾಕಿ ಎಷ್ಟೋ ದಿನ ಆಯ್ತಲ್ಲ!"

ಕೈ ಕಟ್ಟಿಸಿಕೊಂಡು, ಬಾಯಿಗೆ ಬಟ್ಟೆ ತುರುಕಿಸಿಕೊಂಡಿದ್ದವಳು ಫೋನ್ ಮಾಡುವುದು ಹೇಗೆ? ಅಲ್ಲಿಯವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ಮಧ್ಯಾಹ್ನ ಬಂದ ನಂಬರಿಗೆ ಫೋನ್ ಮಾಡಿದೆ. ತಕ್ಷಣ ಎತ್ತಿದರು, ಅದೇ ದನಿ.

"ಎಲ್ಲಿದೀರ ಅಣ್ಣ? ಆಗಿನಿಂದ ಕಾಯ್ತಾ ಇದೀನಿ. ಗೇಟ್ ಸದ್ದಾಯ್ತು, ಬಂದ್ರು ಅನ್ಸುತ್ತೆ."

"ಯಾವ ಹೊಸಮನೆ ತಾಯಿ? ಊರು ಹೇಳು, ಊರು!" ಎಂದು ಕೂಗಿದೆ. ಆಸ್ಪತ್ರೆಯ ಜನವೆಲ್ಲ ನನ್ನತ್ತ ತಿರುಗಿದರು. ಆ ಕಡೆ ಚಿಲಕ ಸರಿದ ಸದ್ದು, ಗಂಡಸಿನ ದನಿ, ಏನೋ ಭಾರದ್ದು ಬಿದ್ದದ್ದು ಕೇಳಿಸಿತು. ಅವಳು ಕಿರುಚಿದಳು. ಆ ಕೂಗು ಅರ್ಧಕ್ಕೇ ನಿಂತಿತು. ಮತ್ತೆಷ್ಟು ಸಲ ಒತ್ತಿದರೂ ಫೋನ್ ಹೋಗಲಿಲ್ಲ.

ಭದ್ರಾವತಿಯ ಹೊಸಮನೆಯೇ ಇರಬೇಕು ಎಂದುಕೊಂಡೆ. ಆಸ್ಪತ್ರೆಯಲ್ಲಿದ್ದ ಪೊಲೀಸಪ್ಪನಿಗೆ ಹೇಳಿದೆ, ಆತ ಭದ್ರಾವತಿಗೆ ಸುದ್ದಿ ಕೊಟ್ಟ. ಡಾಕ್ಟರು ಬೈದರೂ ಕೇಳದೆ ರಫೀಕ್ ಎದ್ದು ಬಂದ. "ಗಾಡಿ ನೀನೇ ಓಡ್ಸು, ನಾನು ಹಿಂದೆ ಕೂತ್ಕೋತೀನಿ" ಎಂದ. ಮಾಚೇನಹಳ್ಳಿ ದಾಟುವಾಗ ಆ ಆಟೊ ಎಷ್ಟು ಓಡಬಲ್ಲದೋ ಅಷ್ಟೂ ಓಡಿಸಿದೆ. ದಾರಿಯುದ್ದಕ್ಕೂ ಅವಳನ್ನು ಬದುಕಿಸಪ್ಪ ಎಂದು ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆನೋ ನನಗೇ ಗೊತ್ತಿಲ್ಲ.

ಅಲ್ಲಿ ಪೊಲೀಸರು ನಮಗಿಂತ ಮುಂಚೆ ಬಂದಿದ್ದರು. ಫಸ್ಟ್ ಕ್ರಾಸಿನಲ್ಲಿ ಹಾಲಿನ ಬೂತ್ ಇರಲಿಲ್ಲ. ಹಸಿರು ಗೇಟು ಇರಲಿಲ್ಲ. ಪಾರಿಜಾತವಿರುವ ಒಂದು ಮನೆಯೂ ಆ ಬಡಾವಣೆಯಲ್ಲಿ ಸಿಗಲಿಲ್ಲ. ವಿಷಯ ಕೇಳಿ ಬೀದಿಯ ಹೆಂಗಸರೇ ಹೊರಗೆ ಬಂದರು, ಬೀಗ ಹಾಕಿದ ಬಾಗಿಲುಗಳಿಗೆಲ್ಲ ಕಿವಿಯಿಟ್ಟು ನೋಡಿದರು. ಯಾವ ಮನೆಯಲ್ಲೂ ಅಂಥದ್ದೇನೂ ನಡೆದಿರಲಿಲ್ಲ. ಆ ನಂಬರು ಯಾರ ಹೆಸರಿನಲ್ಲೂ ಇಲ್ಲ ಎಂದು ಆಮೇಲೆ ಪೊಲೀಸರು ಹೇಳಿದರು. ನಾನು ತಪ್ಪಾಗಿ ಬರೆದುಕೊಟ್ಟಿರಬೇಕು ಎಂದರು. ಮೊಬೈಲಿನಲ್ಲೇ ಎರಡೂ ಕರೆಗಳನ್ನು ತೋರಿಸಿದೆ. ನೋಡಿ ಮೊಬೈಲ್ ವಾಪಸು ಕೊಟ್ಟರು.

ಕಾಕತಾಳೀಯ ಎಂದವರಿದ್ದಾರೆ. ಒಂದೇ ಹೆಸರಿನ ಬಡಾವಣೆಗಳು ಇರಬಹುದು, ಒಂದೇ ಬಗೆಯ ಗೇಟು, ಮರ, ಒಂದೇ ಬಗೆಯ ಗಂಡಂದಿರೂ ಇರಬಹುದು. ಎಲ್ಲ ಒಂದೇ ದಿನ ಹೇಗೆ ಕೂಡಿದವು? ನನಗೆ ಇವತ್ತಿಗೂ ಅರ್ಥವಾಗಿಲ್ಲ. ಈಗ ಯಾವ ಊರಿಗೆ ಹೋದರೂ ಇಲ್ಲೊಂದು ಹೊಸಮನೆ ಇದೆಯಾ ಎಂದು ವಿಚಾರಿಸುತ್ತೇನೆ. ಹೆಚ್ಚಿನ ಕಡೆ ಇರುತ್ತದೆ. ಹೋಗಿ ಬೀದಿಬೀದಿ ಸುತ್ತಿ ಬರುತ್ತೇನೆ.

ಮಳೆಗಾಲ ಕಳೆದ ಮೇಲೆ ಲತಾ ಅಂಗಡಿಗೆ ಬಂದಳು. ಹೊಳಲೂರಿನಲ್ಲಿ ಅಕ್ಕನ ಮನೆಯಲ್ಲಿದ್ದಳು. ಕಣ್ಣು ವಾಸಿಯಾಗಿತ್ತು, ಬಲಗೈ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಅವಳು ಬಾಯಿ ಬಿಡುವುದನ್ನೇ ಕಾದೆ. ಫೋನಿನ ದನಿ ಅವಳದಲ್ಲ.

ಕೈ ಮುಗಿದು, ರಫೀಕನ ಭುಜ ವಿಚಾರಿಸಿ, ಹೊರಡುವಾಗ ತಿರುಗಿ ಕೇಳಿದಳು: "ಅವತ್ತು ಫೋನ್ ಮಾಡಿ ನಿಮ್ಮನ್ನ ಕರೆದ್ರಂತಲ್ಲ, ಗಿರಿಜಮ್ಮ ಹೇಳಿದ್ರು. ಆ ಅಕ್ಕ ಹೇಗಿದಾರೆ ಅಣ್ಣ?"

"ಚೆನ್ನಾಗಿದಾರಮ್ಮ" ಎಂದೆ.