ಖಾಲಿ ಕೈಯ ನಡಿಗೆ

ಕುರ್ಲಾದ ಆ ಚಾಳಿನಲ್ಲಿ ಹೆಂಗಸೊಬ್ಬಳು ಬರಿಗೈಯಲ್ಲಿ ರಸ್ತೆಗಿಳಿದರೆ ನೋಡಿದವರಿಗೆ ಸಮಾಧಾನ ಇರುತ್ತಿರಲಿಲ್ಲ. ಕೊಡವೋ, ಚೀಲವೋ, ಕಂಕುಳಲ್ಲಿ ಕೂಸೋ ಏನಾದರೊಂದು ಇರಲೇಬೇಕು. ಏನೂ ಇಲ್ಲವೆಂದರೆ ಯಾರಾದರೊಬ್ಬರು ಓಡಿಬಂದು ಏನನ್ನಾದರೂ ಕೈಗೆ ಹಿಡಿಸಿಬಿಡುತ್ತಿದ್ದರು. ಹಿಡಿಸಿದವರಿಗೆ ಅದೊಂದು ಉಪಕಾರ ಕೇಳಿದ ಹಾಗೂ ಅನಿಸುತ್ತಿರಲಿಲ್ಲ.

ಬಸಲಿಂಗವ್ವನಿಗೆ ನಲವತ್ತೆರಡು ವರ್ಷ. ಬಿಜಾಪುರದ ಕಡೆಯವಳು. ಗಂಡ ಧರ್ಮಣ್ಣ ಅಲ್ಲೇ ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಹೆಲ್ಪರ್. ಇವಳು ತಾವಿದ್ದ ಒಂದೇ ಖೋಲಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ತಮ್ಮ ಕಡೆಯಿಂದಲೇ ಬಂದು ಕಟ್ಟಡ ಕೆಲಸ ಮಾಡುವ ಹದಿನಾಲ್ಕು ಗಂಡಸರು ಬೆಳಿಗ್ಗೆ ಚಹಾ ಕುಡಿದು, ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದರು, ಸಂಜೆ ಉಣ್ಣಲು ಬರುತ್ತಿದ್ದರು. ನಾಲ್ಕಕ್ಕೆ ಏಳಬೇಕು, ನಳದಲ್ಲಿ ನೀರು ನಿಲ್ಲುವುದರೊಳಗೆ ಎಂಟು ಕೊಡ ತುಂಬಬೇಕು, ಇದ್ದಿಲಿನ ಶೇಗಡಿ ಹೊತ್ತಿಸಬೇಕು, ಎರಡೂ ಹೊತ್ತು ಸೇರಿ ನೂರರ ಮೇಲೆ ಜೋಳದ ರೊಟ್ಟಿ ಬಡಿಯಬೇಕು. ಅವಳು ಕುಳಿತು ಉಂಡದ್ದನ್ನು ಯಾರೂ ನೋಡಿರಲಿಲ್ಲ.

ಎಪ್ಪತ್ತಮೂರನೆಯ ಇಸವಿಯ ಚಳಿಗಾಲ. ಒಂದು ದಿನ ರೊಟ್ಟಿ ಬೇಯಿಸುವಾಗ ಸುಟ್ಟ ವಾಸನೆ ಬಂತು. ಹೆಂಚಿನ ಮೇಲಿನ ರೊಟ್ಟಿ ತಿರುವಿ ನೋಡಿದಳು, ಸೀದಿರಲಿಲ್ಲ. ಕೆಳಗೆ ನೋಡಿದರೆ ಶೇಗಡಿಯಿಂದ ಸಿಡಿದ ಕೆಂಡವೊಂದು ಎಡಗಾಲಿನ ಹೆಬ್ಬೆರಳ ಮೇಲೆ ಕೂತು ಚರ್ಮ ಸುಡುತ್ತಿತ್ತು. ಅವಳಿಗೆ ಏನೂ ತಿಳಿದಿರಲಿಲ್ಲ. ಗಾಯಕ್ಕಿಂತ ಆ ತಿಳಿಯದೇ ಹೋದದ್ದೇ ಅವಳನ್ನು ಹೆದರಿಸಿತು.

ಸ್ಟೇಷನ್ ಹತ್ತಿರದ ಡಾಕ್ಟರು ಮಂಗಳೂರು ಕಡೆಯವರು, ಸಾಲಿ ಪುಸ್ತಕ ಓದಿದ ಹಾಗೆ ಕನ್ನಡ ಮಾತಾಡುತ್ತಿದ್ದರು. ರಕ್ತ ತಪಾಸಣೆ ಮಾಡಿಸಿ, ಸಕ್ಕರೆ ಕಾಯಿಲೆ ಎಂದರು. ಗುಳಿಗೆ ಬರೆದುಕೊಟ್ಟು, ಸಿಹಿ ಮುಟ್ಟಕೂಡದು, ದಿನವೂ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಬೇಕು, ಕೈಯಲ್ಲಿ ಭಾರ ಏನೂ ಇರಬಾರದು ಎಂದರು. ದಿನವೆಲ್ಲ ನಿಂತೇ ಇರುತ್ತೇನಲ್ಲ ಎಂದು ಬಸಲಿಂಗವ್ವ ಕೇಳಿದ್ದಕ್ಕೆ, ನಿಲ್ಲುವುದು ಬೇರೆ, ನಡೆಯುವುದು ಬೇರೆ ಎಂದರು. ಸಕ್ಕರೆ ಇಳಿಯದೆ ಅದೇ ಬೆರಳಿಗೆ ಇನ್ನೊಂದು ಗಾಯವಾದರೆ ಬೆರಳು ತೆಗೆಯಬೇಕಾದೀತು, ಆಮೇಲೆ ಪಾದದ ಮಾತು ಎಂಬುದನ್ನೂ ಅಷ್ಟೇ ಶಾಂತವಾಗಿ ಹೇಳಿದರು. ಕಾಲಿಲ್ಲದೆ ಖಾನಾವಳಿ ಹೇಗೆ ನಡೆದೀತು ಎಂದು ಯೋಚಿಸುತ್ತ ಅವಳು ಮನೆಗೆ ಬಂದಳು.

ಮುಕ್ಕಾಲು ಗಂಟೆ ಎಲ್ಲಿಂದ ತರುವುದು? ಇಡೀ ದಿನವನ್ನು ಜಾಲಾಡಿದಳು. ಕೊನೆಗೆ ನೀರು ತುಂಬುವುದಕ್ಕೂ ಹಿಟ್ಟಿಗೆ ಎಸರಿಡುವುದಕ್ಕೂ ನಡುವೆ, ಐದೂಕಾಲರಿಂದ ಆರರವರೆಗೆ ಒಂದು ಸಂದು ಸಿಕ್ಕಿತು. ಅದಕ್ಕಾಗಿ ಮೂರೂವರೆಗೇ ಏಳತೊಡಗಿದಳು. ಮೊದಲ ಮೂರು ದಿನ ಚೆಂಬೂರಿನ ದಾರಿ ಹಿಡಿದು ಕೈ ಬೀಸಿಕೊಂಡು ನಡೆದಳು. ಮದುವೆಯಾದ ಮೇಲೆ ಹಾಗೆ ನಡೆದದ್ದೇ ಇಲ್ಲವೆನ್ನಿಸಿ ಅವಳಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ನಾಲ್ಕನೆಯ ದಿನ ಪಕ್ಕದ ಖೋಲಿಯ ರುಕ್ಮಿಣಿಬಾಯಿ ಎರಡು ಖಾಲಿ ಬಾಟಲಿ ಮತ್ತು ಹಾಲಿನ ಕಾರ್ಡು ಹಿಡಿದು ಬಾಗಿಲಲ್ಲೇ ಕಾದಿದ್ದಳು. ಹೆಂಗೂ ಆ ಕಡೆ ಹೊಂಟೀದಿ, ಸರಕಾರಿ ಕೇಂದ್ರದಿಂದ ಹಾಲು ತಂದುಬಿಡು ಅಂದಳು. ಇಲ್ಲವೆನ್ನಲು ಬಸಲಿಂಗವ್ವನ ಬಾಯಿ ಏಳಲಿಲ್ಲ. ವಾರದೊಳಗೆ ಎದುರು ಸಾಲಿನ ಇಮಾಮಬಿಯ ಬಾಟಲಿಯೂ ಬಂತು, ಮಾಳಿಗೆಯವರದೂ ಬಂತು. ಹಾಲಿನ ಕೇಂದ್ರಕ್ಕೆ ನೂರು ಹೆಜ್ಜೆ ನಡಿಗೆ, ಅಲ್ಲಿ ಅರ್ಧ ಗಂಟೆ ಸಾಲು. ಖಾನಾವಳಿ ಚಹಾದ ಹಾಲನ್ನು ಅಷ್ಟು ವರ್ಷದಿಂದ ತರುತ್ತಿದ್ದ ಧರ್ಮಣ್ಣನೂ, ನೀ ಹೋಗೂದ ಐತಲ್ಲ ಎಂದು ಮಗ್ಗುಲು ಬದಲಿಸಿ ಮಲಗಿದ. ಅವಳ ಮುಕ್ಕಾಲು ಗಂಟೆಯನ್ನು ಚಾಳಿನವರು ಹಂಚಿಕೊಂಡು ಮುಗಿಸಿದ್ದರು.

ಡಾಕ್ಟರು ಹೇಳಿದ್ದನ್ನು ಅವಳು ಬಿಡಿಸಿ ಹೇಳಿದಳು. ರುಕ್ಮಿಣಿಬಾಯಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಡ್ಡಾಡಿ ಮೈ ಕರಗಿಸುವುದು ಕಾರಿನಲ್ಲಿ ತಿರುಗುವ ಸೇಠಾಣಿಯರ ಕೆಲಸ, ದುಡಿಯುವ ಹೆಂಗಸಿಗೆ ಯಾತರ ಕಸರತ್ತು ಎಂಬುದು ಅವಳ ವಾದ. ಧರ್ಮಣ್ಣ ಕೆಟ್ಟವನಲ್ಲ, ಕುಡಿಯುವವನಲ್ಲ, ಕೈ ಎತ್ತಿದವನಲ್ಲ. ಅವನೂ ಅದನ್ನೇ ಅಂದ. ದಿನಾ ಇಷ್ಟು ರೊಟ್ಟಿ ಬಡಿಯುವ ತೋಳಿಗೆ ಇನ್ನೇನು ವ್ಯಾಯಾಮ ಬೇಕು ಎಂದು ಕೇಳಿದ. ರೋಗ ತೋಳಿಗಲ್ಲ, ಕಾಲಿಗೆ ಎಂದು ಹೇಳಿ ಹೇಳಿ ಅವಳಿಗೇ ಸಾಕಾಯಿತು. ಎರಡು ತಿಂಗಳ ಮೇಲೆ ರಕ್ತ ನೋಡಿಸಿದರೆ ಸಕ್ಕರೆ ಇಳಿದಿರಲಿಲ್ಲ. ನಡೆದಿರಾ ಎಂದು ಡಾಕ್ಟರು ಕೇಳಿದರು. ಸಾಲಿನಲ್ಲಿ ನಿಂತಿದ್ದೆ ಎನ್ನಲು ಅವಳಿಗೆ ಮುಖವಿರಲಿಲ್ಲ.

ಅಲ್ಲಿಂದ ಬರುವಾಗ ಸಿಟ್ಟಿನಲ್ಲಿ ಅವಳಿಗೆ ಒಂದು ಉಪಾಯ ಹೊಳೆಯಿತು. ಸುಳ್ಳು ಹೇಳಿ ರೂಢಿಯಿದ್ದವಳಲ್ಲ, ಆದರೂ ಆ ದಿನ ನಾಲಿಗೆ ತಡವರಿಸಲಿಲ್ಲ. ನಳದ ಹತ್ತಿರ ಎಲ್ಲರೂ ಇದ್ದಾಗ, ಕಾಲಿನ ಸಲುವಾಗಿ ದೇವರಿಗೆ ಹರಕೆ ಹೊತ್ತಿದ್ದೇನೆ ಎಂದಳು. ನಲವತ್ತೆಂಟು ದಿನ, ಹೊತ್ತು ಹುಟ್ಟುವ ಮೊದಲು, ಚೆಂಬೂರಿನ ದಾರಿಯಲ್ಲಿರುವ ಮಾರುತಿ ಗುಡಿಗೆ ನಡೆದು ಹೋಗಿ ಬರಬೇಕು. ಹೋಗಿ ಬರುವವರೆಗೆ ಯಾರೊಂದಿಗೂ ಮಾತಾಡಬಾರದು, ಕೈಯಲ್ಲಿ ಏನೂ ಹಿಡಿಯಬಾರದು.

ಚಾಳಿಗೆ ಚಾಳೇ ಬದಲಾಯಿತು. ಮರುದಿನ ಬೆಳಿಗ್ಗೆ ನಳದ ಸಾಲಿನಲ್ಲಿ ಅವಳ ಕೊಡವನ್ನು ಎಲ್ಲರಿಗಿಂತ ಮೊದಲು ಇಡಿಸಿದರು. ನಾಲ್ಕು ಕೊಡ ರುಕ್ಮಿಣಿಬಾಯಿಯೇ ಹೊತ್ತು ತಂದಿಟ್ಟಳು. ಧರ್ಮಣ್ಣ ಕರೆಯದೆ ಎದ್ದು, ಬಾಟಲಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹಾಲಿಗೆ ಹೋದ. ದಾರಿಯಲ್ಲಿ ಎದುರಾದ ಗುರುತಿನವರು ಮಾತಾಡಿಸದೆ ಪಕ್ಕಕ್ಕೆ ಸರಿದರು. ಮುಕ್ಕಾಲು ಗಂಟೆ ಪೂರಾ ಅವಳದಾಯಿತು. ಆದರೆ ನಡೆಯುತ್ತ ನಡೆಯುತ್ತ ಅವಳಿಗೆ ಒಂದೇ ಮಾತು ಮನಸ್ಸಿಗೆ ಬರುತ್ತಿತ್ತು. ಗುಡಿಯ ಕಲ್ಲಿನ ಕಾಲಿಗೆ ಇರುವ ಬೆಲೆ ತನ್ನ ಕಾಲಿಗಿಲ್ಲವಲ್ಲ! ಹಾಗೆ ಅಂದುಕೊಂಡದ್ದಕ್ಕೆ ಮಾರುತಿಯೆದುರು ಕೆನ್ನೆ ಬಡಿದುಕೊಂಡು ತಪ್ಪು ಕೇಳಿದಳು, ಹೊರಗೆ ಬಂದು ಮತ್ತೆ ಅದನ್ನೇ ಅಂದುಕೊಂಡಳು.

ಮೂರು ವಾರ ಸುಖವಾಗಿ ಹೋಯಿತು. ಆಮೇಲೆ ಬಾಟಲಿಗಳಿಂದ ನಡಿಗೆಗೆ ಬಂದ ಗತಿಯೇ ಹರಕೆಗೂ ಬಂತು. ಹರಕೆಯವಳ ಕೈಯಲ್ಲಿ ಕಳಿಸಿದರೆ ದೇವರಿಗೆ ಬೇಗ ಮುಟ್ಟುತ್ತದೆ ಎಂದು ಯಾರಿಗೆ ತೋಚಿತೋ. ಮಾಳಿಗೆಯವರ ಮಗನ ಮ್ಯಾಟ್ರಿಕ್ಕಿಗೆ ಒಂದು ತೆಂಗಿನಕಾಯಿ, ರುಕ್ಮಿಣಿಬಾಯಿಯ ಸೊಸೆಗೆ ಬಸಿರಾಗಲೆಂದು ಎಣ್ಣೆ ಬಾಟಲಿ. ಇಮಾಮಬಿ ಕೂಡ ಸಂಕೋಚಪಡುತ್ತ, ನಮ್ದೂ ಒಂದು ಹೇಳ್ರಿ ಬೆಹನಾ ಎಂದು ಸಕ್ಕರೆ ಪುಡಿಕೆ ತಂದಳು. ಎಲ್ಲ ಬರುತ್ತಿದ್ದದ್ದು ಅವಳು ನೇಮ ಹಿಡಿದು ಹೊರಟ ಹೊತ್ತಿಗೇ. ಕೈಯಲ್ಲಿ ಏನೂ ಹಿಡಿಯಬಾರದೆಂದು ಅವಳು ಸನ್ನೆ ಮಾಡಿ ತೋರಿಸಿದರೆ, ದೇವರ ಸಾಮಾನಿಗೆ ಆ ನೇಮವಿಲ್ಲ ಎಂದು ಅವರೇ ತೀರ್ಮಾನ ಕೊಟ್ಟರು. ಮಾತಾಡುವ ಹಾಗಿಲ್ಲ ಎಂದು ತಾನೇ ಹಾಕಿಕೊಂಡ ಕಟ್ಟು, ಬಾಯಿ ಬಿಡುವಂತಿರಲಿಲ್ಲ.

ಗುಡಿಯಿಂದ ಬಂದರೆ ಬಾಗಿಲಲ್ಲಿ ಇನ್ನೊಂದು ಕಾಟ. ಹರಕೆಯವಳಿಗೆ ಸಿಹಿ ತಿನ್ನಿಸಿದರೆ ಪುಣ್ಯವೆಂದು ಸೋಮವಾರ ಶಿರಾ, ಶನಿವಾರ ಪೇಢೆ. ಪ್ರಸಾದ ಬೇಡವೆನ್ನಲು ಅವಳ ಜೀವ ಒಪ್ಪಲಿಲ್ಲ, ಅಷ್ಟು ದೊಡ್ಡ ಸುಳ್ಳು ಹೇಳಿದವಳಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ರುಕ್ಮಿಣಿಬಾಯಿ ಎದುರು ನಿಂತು, ತುತ್ತು ಒಳಗೆ ಹೋಗುವವರೆಗೂ ನೋಡುತ್ತಿದ್ದಳು. ಕಾಲು ಉಳಿಸಿಕೊಳ್ಳಲು ಸುಳ್ಳು ಹೇಳಿ, ಆ ಸುಳ್ಳು ಉಳಿಸಿಕೊಳ್ಳಲು ಸಕ್ಕರೆ ತಿನ್ನುತ್ತಿದ್ದೇನಲ್ಲ ಎಂದು ತನ್ನ ಮೇಲೆ ತನಗೇ ರೇಗಿಹೋಯಿತು.

ನಲವತ್ತೇಳನೆಯ ದಿನ ಡಾಕ್ಟರಲ್ಲಿಗೆ ಹೋದಳು. ಸಕ್ಕರೆ ಸ್ವಲ್ಪ ಇಳಿದಿತ್ತು. ನಡಿಗೆ ಕೆಲಸ ಮಾಡಿದೆ ಎಂದು ಡಾಕ್ಟರು ಮೊದಲ ಸಲ ನಕ್ಕರು. ಆದರೆ ಇಳಿಯಬೇಕಾದಷ್ಟು ಇಳಿದಿಲ್ಲ, ಏನು ತಿನ್ನುತ್ತೀರಿ ಎಂದು ಗದರಿದರು. ಈ ನಡಿಗೆ ಎಷ್ಟು ದಿನ ಮಾಡಬೇಕು ಎಂದು ಅವಳು ಕೇಳಿದಳು. ಬದುಕಿರುವವರೆಗೆ ಎಂದರು ಅವರು. ನಲವತ್ತೆಂಟು ದಿನದ ಹರಕೆಯಲ್ಲಿ ಉಳಿದದ್ದು ಒಂದು ದಿನ.

ಮರುದಿನ ಗುಡಿಯಿಂದ ಬರುವ ಹೊತ್ತಿಗೆ ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದ್ದರು. ಹರಕೆ ತೀರಿತೆಂದು ಅರಿಸಿನ ಕುಂಕುಮ ಹಚ್ಚಿದರು, ಉಡಿ ತುಂಬಿದರು, ಹೋಳಿಗೆಯ ತಾಟು ಮುಂದಿಟ್ಟರು. ತಾಟಿನ ಪಕ್ಕದಲ್ಲೇ ಗೋಡೆಗೆ ಒರಗಿಸಿ ಏಳು ಖಾಲಿ ಬಾಟಲಿಗಳು ಸಾಲಾಗಿ ನಿಂತಿದ್ದವು. ನಾಳೆಯಿಂದ ಧರ್ಮಣ್ಣನಿಗೆ ತ್ರಾಸು ಬೇಡ ಎಂದು ರುಕ್ಮಿಣಿಬಾಯಿ ಪ್ರೀತಿಯಿಂದಲೇ ಹೇಳಿ, ಹೋಳಿಗೆ ಮುರಿದು ಅವಳ ಬಾಯಿಯ ಹತ್ತಿರ ತಂದಳು.

ಬಸಲಿಂಗವ್ವ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಹರಕಿ ಇರಲಿಲ್ಲ, ವೈನಿ. ಡಾಕ್ಟರ್ ನಡೀಬೇಕು ಅಂದಿದ್ರು, ನಡದೆ. ನಿಮಗ ಸುಳ್ಳ ಹೇಳೀನಿ."

ರುಕ್ಮಿಣಿಬಾಯಿ ತನ್ನ ಕೈಯಲ್ಲಿದ್ದ ಹೋಳಿಗೆಯ ಚೂರು ನೋಡಿದಳು, ಅವಳ ಕಾಲು ನೋಡಿದಳು.

"ಹಂಗಾರ ನಾ ಇಷ್ಟ ದಿವಸ ನೀರ ಹೊತ್ತದ್ದು ದೇವರಿಗಲ್ಲ?" ಎಂದಳು. "ಬರೇ ನಿನ್ನ ಸಲುವಾಗಿ?"

"ಹೌದ್ರಿ, ಬರೇ ನನ್ನ ಸಲುವಾಗಿ."

ಮನೆಯಲ್ಲಿ ಕಳವು ಮಾಡಿ ಸಿಕ್ಕಿಬಿದ್ದವಳನ್ನು ನೋಡುವಂತೆ ಅವರು ಅವಳನ್ನು ನೋಡಿದರು. ಒಬ್ಬೊಬ್ಬರಾಗಿ ತಿರುಗಿ ಹೋದರು. ಇಮಾಮಬಿ ಮಾತ್ರ ತನ್ನ ಬಾಟಲಿ ತೆಗೆದುಕೊಳ್ಳುತ್ತ, ಬೆರಳಿಗೆ ಈಗ ಹೆಂಗೈತಿ ಎಂದು ಕೇಳಿ ಹೋದಳು. ಉಳಿದ ಬಾಟಲಿಗಳು ಅಲ್ಲೇ ಇದ್ದವು.

ಧರ್ಮಣ್ಣ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ. ಮಂದಿ ಹೋದ ಮೇಲೆ ಅವಳನ್ನು ಕೂರಿಸಿಕೊಂಡು ತಗ್ಗಿದ ದನಿಯಲ್ಲಿ ಒಂದು ದಾರಿ ಹೇಳಿದ. ಆದದ್ದು ಆಯಿತು, ಸುಳ್ಳು ಹರಕೆಯ ತಪ್ಪಿಗೆ ಇನ್ನೊಂದು ನಲವತ್ತೆಂಟು ದಿನ ಖರೇ ಹರಕೆ ಹೊತ್ತೆನೆಂದು ಎಲ್ಲರೆದುರು ಹೇಳಿಬಿಡು. ದೇವರೂ ಒಪ್ಪುತ್ತಾನೆ, ಚಾಳೂ ಒಪ್ಪುತ್ತದೆ. ನೀನು ನಡಿ, ಹಾಲು ನಾನು ತರುತ್ತೇನೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು ಅದು. ಅದಕ್ಕೇ ಅವಳಿಗೆ ಕಣ್ಣು ತುಂಬಿ ಬಂತು, ಸಿಟ್ಟಿಗೆ.

"ದೇವರ ಹೆಸರಿಗಾದರ ತರ್ತೀರಿ. ನನ್ನ ಕಾಲ ಹೋಗತೈತಿ ಅಂದರ ತರೂದಿಲ್ಲೇನ್ರಿ?"

ಅವನು ಕಾರ್ಖಾನೆಗೆ ಹೊತ್ತಾಯಿತೆಂದು ಎದ್ದು ಅಂಗಿ ತೊಟ್ಟುಕೊಂಡ.

ಮರುದಿನ ನಳದ ಹತ್ತಿರ ಯಾರೂ ಅವಳಿಗೆ ಜಾಗ ಬಿಡಲಿಲ್ಲ. ಕೊನೆಯವಳಾಗಿ ನಿಂತು ಮೂರೇ ಕೊಡ ತುಂಬುವಷ್ಟರಲ್ಲಿ ಐದೂಕಾಲಾಯಿತು. ಧರ್ಮಣ್ಣ ಹೊದಿಕೆ ಮುಸುಕೆಳೆದು ಮಲಗಿದ್ದ, ನಿದ್ದೆ ಬಂದಿರಲಿಲ್ಲವೆಂಬುದು ಅವನ ಉಸಿರಿನಿಂದಲೇ ತಿಳಿಯುತ್ತಿತ್ತು. ಅವಳು ಒಂದು ಗಳಿಗೆ ನೋಡಿದಳು. ಆಮೇಲೆ ಬಾಟಲಿಗಳನ್ನು ದಾಟಿಕೊಂಡು, ಯಾರ ಮುಖವನ್ನೂ ನೋಡದೆ, ಎರಡೂ ಕೈ ಬೀಸಿಕೊಂಡು ಹೊರಟಳು.

ಅಂದು ಬೆಳಿಗ್ಗೆ ಹದಿನಾಲ್ಕು ಮಂದಿ ಹಾಲಿಲ್ಲದ ಕರೀ ಚಹಾ ಕುಡಿದು ಕೆಲಸಕ್ಕೆ ಹೋದರು. ಧರ್ಮಣ್ಣನೂ ಅದನ್ನೇ ಕುಡಿದ.