ವೋಲ್ಟೇಜ್ ಸರಿ ಇತ್ತು ಎಂದೆ

ಆ ಹೊತ್ತಿನಲ್ಲಿ ವೋಲ್ಟೇಜ್ ಸರಿ ಇರಲಿಲ್ಲ, ನಜ್ಮಾ. ಸಭೆಯಲ್ಲಿ ನೀನು ಕೇಳಿದಾಗ ಸರಿ ಇತ್ತು ಎಂದೆನಲ್ಲ — ಅದು ಸುಳ್ಳು. ಗೊತ್ತಿದ್ದೇ ಹೇಳಿದ್ದು. ಇಷ್ಟು ಹೇಳಲು ಇಷ್ಟು ವರ್ಷ ಬೇಕಾದವು, ಅದೂ ಕಾಗದದಲ್ಲಿ.

ಮೊದಲಿನಿಂದ ಹೇಳುತ್ತೇನೆ, ನಿನಗೆ ಗೊತ್ತಿರುವುದೂ ಬರುತ್ತದೆ, ತಾಳಿಕೊ. ನಮ್ಮ ಭಾಗದ ಕೆಲವು ಕಾಲೇಜುಗಳ ಭೌತಶಾಸ್ತ್ರದವರು ಸೇರಿ ಆಕಾಶದಿಂದ ಬೀಳುವ ಕಣಗಳನ್ನು ಎಣಿಸಲು ಹೊರಟಿದ್ದೆವು. ಊರಿಗೊಂದು ಯಂತ್ರ. ಮುಳಗುಂದದ್ದು ನಿಮ್ಮ ಮನೆಯ ಮಾಳಿಗೆಯ ಮೇಲೆ, ನನ್ನದು ಹುಲಕೋಟಿಯ ನಮ್ಮ ಹೊಲದ ಕೋಣೆಯಲ್ಲಿ. ಎರಡಕ್ಕೂ ಧೂಳು ಹೋಗದಂಥ ಕಟ್ಟಿಗೆಯ ಪೆಟ್ಟಿಗೆ ಮಾಡಿಕೊಟ್ಟವರು ನಿನ್ನ ಅಬ್ಬಾ. ಎಲ್ಲ ಊರಿನ ಎಣಿಕೆಯನ್ನೂ ಒಂದೇ ಸಾಫ್ಟ್‌ವೇರಿನಲ್ಲಿ ಹಾಕಿ ನೋಡಬೇಕಿತ್ತು. ಪೇಟೆಯಲ್ಲಿ ಕೊಳ್ಳಲು ಸಿಗುವುದೊಂದು, ನೀನು ಬರೆದದ್ದೊಂದು — ಯಾವುದು ಆದೀತು ಎಂದು ಪರೀಕ್ಷಿಸಿ ಹೇಳುವ ಕೆಲಸ ನನಗೆ ಬಂತು, ಹಿರಿಯ ಎಂದು. ನಿನಗೆ ಪಾಠ ಹೇಳಿದವನು, ಶಿಷ್ಯೆಯ ಕಡೆಗೇ ವಾಲುತ್ತಾನೆ ಎಂದು ಯಾರೋ ಚಾಷ್ಟಿ ಮಾಡಿದ್ದರು. ಆಹಾ, ಎಷ್ಟು ವಾಲಿದೆ.

ಹುಲಕೋಟಿಯ ಎಣಿಕೆಯ ಮೇಲೆಯೇ ಎರಡನ್ನೂ ಓಡಿಸಿದೆ. ದಿನದ ಕೆಲವು ತಾಸು ಅಲ್ಲಿ ಕಣಗಳು ಹೆಚ್ಚುತ್ತವೆ ಎಂದು ನಾನು ಹಿಂದೆಯೇ ಲೇಖನ ಬರೆದಿದ್ದೆ. ನಾಲ್ಕು ಜನ ನನ್ನನ್ನು ವಿಜ್ಞಾನಿ ಎಂದದ್ದು ಅದೊಂದರಿಂದ. ಕೊಳ್ಳುವ ಸಾಫ್ಟ್‌ವೇರಿನಲ್ಲಿ ಆ ಏರು ಚೆಂದಾಗಿ ಕಂಡಿತು. ನಿನ್ನದು ಎಣಿಕೆಯ ಜೊತೆಗೆ ವೋಲ್ಟೇಜನ್ನೂ ಓದುತ್ತಿತ್ತು, ಕರೆಂಟು ಹೊಯ್ದಾಡಿದ ಹೊತ್ತನ್ನು ಬದಿಗಿಡುತ್ತಿತ್ತು. ಅದರಲ್ಲಿ ಏರು ಇರಲೇ ಇಲ್ಲ.

ಮೊದಲು ಸಿಟ್ಟು ಬಂತು — ನಿನ್ನ ಮೇಲೆ. ಆಮೇಲೆ ಹೊಲಕ್ಕೆ ಹೋಗಿ ಯಂತ್ರದ ಮುಂದೆ ಕುಳಿತೆ. ಹೊಲಗಳಿಗೆ ದಿನಕ್ಕೆ ಕೆಲವೇ ತಾಸು ಬಿಡುವ ತ್ರೀ ಫೇಸ್ ಕರೆಂಟು ಬಂತು, ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಶುರುವಾದವು, ಕೋಣೆಯ ಬಲ್ಬು ಮಂಕಾಯಿತು, ಎಣಿಕೆ ಏರತೊಡಗಿತು. ಬಾಜೂ ಹೊಲದ ಶಿವಪ್ಪ ಮೋಟರು ಹಚ್ಚಿ ಬಂದವನು, "ಯಾಕ್ರಿ ಸರ್, ಮಾರಿ ಸಣ್ಣದಾಗೈತಿ?" ಎಂದ. ವರ್ಷಗಟ್ಟಲೆ ನಾನು ಎಣಿಸಿದ್ದು ಅವನ ಮೋಟರನ್ನು.

ಗದಗಿನ ಸಭೆಯಲ್ಲಿ ವರದಿ ಓದಿದೆ: ನಜ್ಮಾ ಅವರ ಸಾಫ್ಟ್‌ವೇರು ನಿಜವಾದ ಏರನ್ನೂ ಅಳಿಸುತ್ತದೆ, ನೆಚ್ಚುವಂತಿಲ್ಲ. ನೀನು ಎದ್ದು ನಿಂತು ಮೆತ್ತಗೆ ಕೇಳಿದೆ.

"ಸರ್, ಆ ಹೊತ್ತಿನ್ಯಾಗ ವೋಲ್ಟೇಜ್ ಸರಿ ಇತ್ತೇನ್ರಿ?"

"ಸರಿ ಇತ್ತವಾ."

ವೋಲ್ಟೇಜಿನ ದಾಖಲೆ ಇದ್ದದ್ದು ನನ್ನೊಬ್ಬನ ಬಳಿ. ತೋರಿಸಿ ಎಂದು ಯಾರೂ ಅನ್ನಲಿಲ್ಲ, ನೀನೂ ಅನ್ನಲಿಲ್ಲ. ಕೊಳ್ಳುವುದನ್ನೇ ಕೊಂಡರು. ನೀನು — ನನ್ನನ್ನು ನಂಬಿದೆ. ಜಗಳ ತೆಗೆದಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಕೆಲವು ತಿಂಗಳ ಮೇಲೆ ನೀನು ಬೆಟಗೇರಿಯ ನಮ್ಮ ಮನೆಗೆ ಬಂದೆ. ಕಣ್ಣು ಒಳಗೆ ಹೋಗಿದ್ದವು. "ತಪ್ಪು ಎಲ್ಲೈತಿ ಸಿಗವಲ್ದ್ರಿ ಸರ್. ಮತ್ತ ಮೊದಲಿಂದ ಬರ್ಯಾಕ ಹತ್ತೇನಿ" ಎಂದೆ. ನಾನು ಏನೆಂದೆ, ನೆನಪಿದೆಯೇ? "ಸಿಗತೈತಿ ಬಿಡವಾ. ಮೊದಲ ಚಾ ಕುಡಿ." ಇಲ್ಲದ ತಪ್ಪನ್ನು ಹುಡುಕಲು ನಿನ್ನನ್ನು ಕಳಿಸಿ, ಉಂಡು ಮಲಗಿದೆ. ಕೊನೆಗೆ ನಿನಗೆ ನಿನ್ನ ಮೇಲೆಯೇ ನಂಬಿಕೆ ಹೋಯಿತು. ನೀನು ಸಂಶೋಧನೆ ಬಿಟ್ಟು ಲಕ್ಷ್ಮೇಶ್ವರದ ಶಾಲೆಗೆ ಗಣಿತ ಕಲಿಸಲು ಹೋದೆ.

ಮೊನ್ನೆ ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕೆಯಲ್ಲ. ನಗುತ್ತಲೇ ಹೇಳಿದೆ, "ಇನ್ನೂ ಆಗಾಗ ತಗದು ನೋಡ್ತೀನ್ರಿ ಸರ್. ಆ ತಪ್ಪು ಸಿಕ್ಕರ ಮೊದಲ ನಿಮಗ ಫೋನ್ ಮಾಡ್ತೀನಿ." ನನ್ನ ಬಸ್ಸು ಬಂತೆಂದು ಎದ್ದುಬಿಟ್ಟೆ. ಬಂದದ್ದು ಶಿರಹಟ್ಟಿಯ ಬಸ್ಸು. ಅಲ್ಲಿ ನನಗೇನೂ ಕೆಲಸವಿರಲಿಲ್ಲ, ಆದರೂ ಹತ್ತಿ ಕುಳಿತೆ.

ಸಾಕಾಗಿದೆ, ನಜ್ಮಾ. ಸುಳ್ಳನ್ನು ಕಾಯುವುದೂ ಒಂದು ನೌಕರಿಯೇ, ಅದಕ್ಕೆ ನಿವೃತ್ತಿಯಿಲ್ಲ. ಇವತ್ತು ಬೆಳಿಗ್ಗೆ ಎಲ್ಲ ಕಾಲೇಜುಗಳಿಗೂ ವೋಲ್ಟೇಜಿನ ದಾಖಲೆ ಕಳಿಸಿದೆ, ಸಭೆಯಲ್ಲಿ ಸುಳ್ಳು ಹೇಳಿದೆನೆಂದು ಬರೆದೆ, ನನ್ನ ಲೇಖನ ಹಿಂತೆಗೆದುಕೊಳ್ಳುತ್ತೇನೆಂದೂ ಬರೆದೆ. ಇದರಿಂದ ನಿನ್ನ ವರ್ಷಗಳು ತಿರುಗಿ ಬರುವುದಿಲ್ಲ. ಕ್ಷಮಿಸು ಎನ್ನಲು ಮುಖವಿಲ್ಲ, ಅದಕ್ಕೇ ಅನ್ನುವುದಿಲ್ಲ.

ನೀನು ಬರೆದದ್ದರಲ್ಲಿ ತಪ್ಪಿಲ್ಲ. ಎಂದೂ ಇರಲಿಲ್ಲ. ಇನ್ನು ಹುಡುಕಬೇಡವಾ.