ಪಂಪಿನ ಗುಂಡಿಯಲ್ಲಿ ಆರಿದ ದೀಪ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ದೀಪ ಮೊದಲ ಸಲ ಆರಿತು. ಅಂದು ಆಯುಧಪೂಜೆ. ದಾಂಡೇಲಿಯ ನಮ್ಮ ಶೆಡ್ಡಿನಲ್ಲಿ ಆಯುಧವೆಂದರೆ ಉದ್ದುದ್ದ ಗಾಜಿನ ಕೊಳವೆಗಳು, ಅವುಗಳೊಳಗೆ ಕಣ್ಣಿಗೆ ಕಾಣದ ಹಸಿರು ಜೀವಿಗಳು. ಬಿಸಿಲು ಕಾಯಿಸಿಕೊಂಡು, ಇಂಗಾಲದ ಡೈಆಕ್ಸೈಡ್ ಕುಡಿದು, ಪ್ಲಾಸ್ಟಿಕ್ಕಿಗೆ ಬೇಕಾದ ಲ್ಯಾಕ್ಟಿಕ್ ಆಮ್ಲ ಬಿಟ್ಟುಕೊಡುವುದು ಅವುಗಳ ಕಸುಬು.

ಹಬ್ಬಕ್ಕೆ ಯಂತ್ರ ನಡೆಸಬಾರದೆಂದು ಪಂಪು ನಿಲ್ಲಿಸಿದ್ದೆವು. ಕೊಳವೆಗಳಿಗೆ ಬಿಡುವ ಇಂಗಾಲದ ಗ್ಯಾಸನ್ನೂ ನಾನು ನಿಲ್ಲಿಸಲು ಹೋದಾಗ ಹಳಿಯಾಳ ಕಡೆಯ ನಮ್ಮ ಮೇಲ್ವಿಚಾರಕಿ, ಎಲ್ಲರ ಬಾಯಲ್ಲಿ 'ಬಾಯಾರು', ತಡೆದರು.

"ಪಂಪ್ ಕಬ್ಬಿಣ, ಸುಮ್ಮನ ಕುಂಡರ್ಲಿ. ಒಳಗಿನವು ಜೀವ ಅದಾವ. ಹಬ್ಬದಾಗ ಅವನ್ನ ಉಪಾಸ ಕೆಡವ್ತೀಯೇನು?"

ಎಂಎಸ್ಸಿ ಮಾಡಿದ ನಾನು ಕೈ ಹಿಂದೆಗೆದೆ. ನೀರು ತಿರುಗದಿದ್ದರೆ ಅವು ಗ್ಯಾಸು ಕುಡಿಯುವುದಿಲ್ಲ, ಉಳಿದ ಗ್ಯಾಸು ಹೊರಗೆ ಬರುತ್ತದೆ, ಅದು ಗಾಳಿಗಿಂತ ಭಾರ, ತಗ್ಗು ಹುಡುಕಿ ಇಳಿಯುತ್ತದೆ. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವಳು ನಾನು.

ನಮ್ಮಲ್ಲಿ ತಗ್ಗೆಂದರೆ ಎದೆಯಾಳದ ಪಂಪಿನ ಗುಂಡಿ. ಪಂಪಿನ ಪೂಜೆಗೆ ದೀಪವಿಟ್ಟದ್ದೂ ಅಲ್ಲೇ. ಗಾಳಿಗೆ ಆರಿತೆಂದು ಕಿಟಕಿಗಳನ್ನೆಲ್ಲ ಮುಚ್ಚಿ ಮತ್ತೆ ಹಚ್ಚಿದೆವು. ಮತ್ತೆ ಆರಿತು.

"ಬಾಯಾರ, ದೀಪದ ಕಾರ್ಬೊರೇಟರ್ ತೊಳೀಬೇಕೇನ್ರಿ?" ಎಂದರು ಮೆಕ್ಯಾನಿಕ್ ಚಾಚಾ. ಲಾರಿ ರಿಪೇರಿ ಬಿಟ್ಟು ನಮ್ಮಲ್ಲಿಗೆ ಬಂದವರು. "ಪಂಪ್ ನಂದು, ದೀಪಾನೂ ನಾನ ಹಚ್ತೇನಿ." ಗುಂಡಿಗಿಳಿದು ಮಂಡಿಯೂರಿದರು. "ಕಡ್ಡೀನೂ ಹತ್ತವಲ್ದಲ್ಲ."

ನಾವಿಬ್ಬರೂ ನಕ್ಕೆವು. ಗುಂಡಿಯಿಂದ ಸದ್ದಿಲ್ಲ.

"ನಾಟಕ ಸಾಕ್ರಿ ಚಾಚಾ," ಎನ್ನುತ್ತ ಬಾಯಾರು ಒಂದು ಕಾಲು ಕೆಳಗಿಟ್ಟರು. ಆಗ ನನಗೆ ಹೊಳೆಯಿತು. ಅವರ ಸೆರಗು ಹಿಡಿದು ಹಿಂದಕ್ಕೆ ಜಗ್ಗಿದೆ, ಗ್ಯಾಸು ಮುಚ್ಚಿದೆ, ಬಾಗಿಲು ತೆರೆದೆ. ಮೇಲಿನಿಂದಲೇ ಕೊಕ್ಕೆಕೋಲನ್ನು ಚಾಚಾರ ಬೆಲ್ಟಿಗೆ ಸಿಕ್ಕಿಸಿ ಇಬ್ಬರೂ ಎಳೆದೆವು. ಅಂಗಳದಲ್ಲಿ ಮಲಗಿಸಿದ ಮೇಲೆ ಉಸಿರು ಬಂತು, ಆಮೇಲೆ ಮಾತು.

"ಪೂಜಿ ಮುಗೀತೇನ್ರಿ?"

ಬಾಯಾರು ಅಲ್ಲೇ ಕುಳಿತು ಅತ್ತರು.

ಚಾಚಾ ಎರಡೇ ದಿನಕ್ಕೆ ಆಸ್ಪತ್ರೆಯಿಂದ ಬಂದು, ಅಲ್ಲಿಯ ಚಹಾ ಚಲೋ ಇರಲಿಲ್ಲ ಎಂದರು. ಕಣ್ಣು ಮುಚ್ಚಲಾಗದೆ ಉಳಿದವಳು ನಾನು. ಮುಚ್ಚಿದರೆ ಸಾಕು, ಕಡ್ಡಿ ಗೀರುವ ಸದ್ದು. ಇನ್ನೊಂದು ನಿಮಿಷ ನಕ್ಕಿದ್ದರೆ? ಗುಂಡಿಗೆ ಫ್ಯಾನು ಬಂತು, ಪಂಪು ನಿಂತರೆ ಗ್ಯಾಸೂ ನಿಲ್ಲುವ ವಾಲ್ವು ಬಂತು. ನಿದ್ದೆ ಬರಲಿಲ್ಲ.

ದೀಪಾವಳಿ ಕಳೆದ ಸೋಮವಾರ ಪಂಪು ಸೋರಿತು. ಚಾಚಾ ಸ್ಪ್ಯಾನರ್ ಹಿಡಿದು ಇಳಿದರು. ನಾನು ದಂಡೆಯಲ್ಲಿ ನಿಂತು ಕ್ಷಣಕ್ಕೊಮ್ಮೆ "ಚಾಚಾ?" ಎನ್ನುತ್ತಿದ್ದೆ.

"ಇಲ್ಲೇ ಅದೇನ್ರಿ, ಅದೇನಿ. ಹಿಂಗ ಹಾಜರಿ ತಗೊಂಡ್ರ ನಟ್ಟು ಬಿಗಿಯೂದು ಯಾವಾಗ?"

ಸೋರಿಕೆ ನಿಲ್ಲಿಸಿ, ತಮ್ಮ ಕಾಲ ಮೇಲೆ ತಾವೇ ಹತ್ತಿ ಬಂದರು. ಅಂದು ರಾತ್ರಿ ದಿಂಬಿಗೆ ತಲೆ ಕೊಟ್ಟದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಬೆಳಗಾಗಿತ್ತು.